ಯಜಮಾನ್ರು ಹೋದ್ರು

ಕಡಿಮೆ ಮಾತಿನಲ್ಲಿ ಖಚಿತವಾಗಿ ಬರೆಯುವುದರಲ್ಲಿ ನನ್ನ ಸಮ ಜಯನಗರ ಒಂಬತ್ತನೇ ಬ್ಲಾಕಿನಲ್ಲಂತೂ ಯಾರೂ ಇಲ್ಲ ಎಂದು ನಾನು ನಂಬಿದ್ದೆ. ಪಿಯು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವವನು ನಾನು. "ಉತ್ತರ ಚಿಕ್ಕದಾಗಿರಲಿ, ಓದಿದವನಿಗೆ ಅನುಮಾನ ಉಳಿಯಬಾರದು" ಎಂದು ಮಕ್ಕಳಿಗೆ ಹೇಳಿ ಹೇಳಿ ನನಗೇ ಅದು ರೂಢಿಯಾಗಿಬಿಟ್ಟಿತ್ತು. ಆ ಭಾನುವಾರ ನಾನು ಕಳಿಸಿದ ಮೆಸೇಜ್ ಕೂಡ ಹಾಗೇ ಇತ್ತು. ಚಿಕ್ಕದು, ಚೊಕ್ಕದು. ಓದಿದ ಒಬ್ಬರಿಗೂ ಅನುಮಾನ ಬರಲಿಲ್ಲ.

ತೊಂದರೆಯಾದದ್ದೇ ಅಲ್ಲಿ!

ಮೊದಲು ನನ್ನ ಮಾವನವರ ವಿಷಯ ಹೇಳಬೇಕು. ಹೆಸರು ಅನಂತರಾಮಯ್ಯ. ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರಾಗಿದ್ದವರು. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡಿದ್ದರಿಂದ ತಮ್ಮ, ತಂಗಿ ಎಲ್ಲರನ್ನೂ ದಡ ಸೇರಿಸಿದವರು. ಹಾಗಾಗಿ ಅವರ ಕಡೆಯವರು ಯಾರೂ ಅವರನ್ನು ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವರು 'ಯಜಮಾನ್ರು'. ಅತ್ತೆ ಹೋದ ಮೇಲೆ ನಮ್ಮ ಜೊತೆಗೇ ಇದ್ದರು. ಆ ವರ್ಷ ಅವರ ಹೃದಯ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನೂ ನನ್ನ ಹೆಂಡತಿ ಶೈಲಾಳನ್ನೂ ಹೊರಗೆ ಕರೆದು, "ಇನ್ನು ನಾವು ಮಾಡೋದು ಏನೂ ಉಳಿದಿಲ್ಲ. ಮನೇಲಿ ನೆಮ್ಮದಿಯಾಗಿರಲಿ. ಕೆಲವು ತಿಂಗಳು ಅಷ್ಟೇ" ಎಂದರು. ಶೈಲಾ ಗೋಡೆಗೆ ಒರಗಿ ನಿಂತಳು. ಒಳಗೆ ಹೋಗಿ ಮಾವನಿಗೆ ಸುಳ್ಳು ಹೇಳುವ ಕೆಲಸ ನನ್ನ ಪಾಲಿಗೆ ಬಂತು.

"ಸ್ವಲ್ಪ ರೆಸ್ಟ್ ತಗೋಬೇಕಂತೆ ಮಾವ. ಉಪ್ಪು ಕಮ್ಮಿ ಮಾಡ್ಬೇಕಂತೆ."

"ಅಷ್ಟೇನಾ?"

"ಅಷ್ಟೇ."

"ಹಾಗಾದ್ರೆ ನೀವಿಬ್ರೂ ಯಾಕೆ ಮುಖ ಹೀಗೆ ಮಾಡ್ಕೊಂಡಿದೀರಿ?"

"ಫಸ್ಟ್ ಟೆಸ್ಟ್ ಸೋತ್ವಲ್ಲ ಮಾವ" ಎಂದೆ. ಆ ಕ್ಷಣಕ್ಕೆ ಹೊಳೆದ ಉತ್ತರ. ಅವರು ನಂಬಿದರು. ನಿಜಕ್ಕೂ ಸೋತಿದ್ದೆವು, ಅದೂ ನಮ್ಮ ನೆಲದಲ್ಲೇ!

ಟೆಸ್ಟ್ ಕ್ರಿಕೆಟ್ ಅಂದರೆ ಮಾವನಿಗೆ ಪ್ರಾಣ. ಆದರೆ ಅದರಿಂದಲೇ ಅವರ ತಮ್ಮ ದೂರವಾಗಿದ್ದರು. ತಮ್ಮನ ಹೆಸರು ಸೀತಾರಾಮ್, ಉತ್ತರಹಳ್ಳಿಯಲ್ಲಿ ಇರುತ್ತಾರೆ, ನಾನು ಕರೆಯುವುದು ಚಿಕ್ಕಮಾವ ಅಂತ. ಬಹಳ ವರ್ಷಗಳ ಹಿಂದೆ, ಮೊಬೈಲ್ ಇಲ್ಲದ ಕಾಲದಲ್ಲಿ, ಮಾವ ಸ್ಟೇಡಿಯಮ್ಮಿನಲ್ಲಿ ಟೆಸ್ಟ್ ನೋಡುತ್ತಾ ಕೂತಿದ್ದಾಗ ಮನೆಯಲ್ಲಿ ಅವರ ತಾಯಿ ತೀರಿಕೊಂಡಿದ್ದರು. ಪಕ್ಕದಲ್ಲಿದ್ದವರು ಚಿಕ್ಕಮಾವ ಒಬ್ಬರೇ. ಸಂಜೆ ಮಾವ ಮನೆಗೆ ಬಂದಾಗ ತಮ್ಮ ಬಾಗಿಲಲ್ಲೇ ನಿಂತು, "ಅಮ್ಮ ಕೊನೇವರೆಗೂ ನಿನ್ನ ಹೆಸರೇ ಎತ್ತಲಿಲ್ಲ. ಹೋಗು, ಸ್ಕೋರ್ ಕೇಳ್ಕೊಂಡು ಕೂತ್ಕೋ" ಅಂದರಂತೆ. ಅಂದಿನಿಂದ ಮಾತು ಬಿಟ್ಟುಹೋಯಿತು. ಮದುವೆ ಮುಂಜಿಗಳಲ್ಲಿ ಅಣ್ಣ ಒಂದು ಪಂಕ್ತಿ, ತಮ್ಮ ಇನ್ನೊಂದು ಪಂಕ್ತಿ.

ಸರಿ, ಆ ಶನಿವಾರಕ್ಕೆ ಬರೋಣ. ಎರಡನೇ ಟೆಸ್ಟಿನ ಎರಡನೇ ದಿನ. ಸಂಜೆ ಬಸವರಾಜ ಬಂದಿದ್ದ. ಧಾರವಾಡದ ಕಡೆಯ ಹುಡುಗ, ಬಿಟಿಎಂನಲ್ಲಿ ಬಾಡಿಗೆಗೆ ಇದ್ದಾನೆ, ಆ ಮನೆ ಶೈಲಾಳ ಸೋದರತ್ತೆಯ ಮಗ ವೆಂಕಟೇಶನದು. ವೆಂಕಟೇಶನೇ ಒಮ್ಮೆ ಕರೆದುಕೊಂಡು ಬಂದು ಪರಿಚಯ ಮಾಡಿಸಿದ್ದು. ಆಮೇಲೆ ಟೆಸ್ಟ್ ಇದ್ದಾಗೆಲ್ಲ ಮಾವನ ಜೊತೆ ಚರ್ಚೆಗೆ ಬರುತ್ತಿದ್ದ.

"ಪಿಚ್ ನಮ್ಮದು, ಮಣ್ಣು ನಮ್ಮದು, ಧೂಳೂ ನಮ್ಮದರಿ ಸರ. ಅದರಾಗ ಬೀಳಾವ್ರೂ ನಾವ ಆದ್ವಿ ನೋಡ್ರಿ" ಎಂದು ಬಸವರಾಜ ತಲೆ ಹಿಡಿದುಕೊಂಡ.

"ಅವರನ್ನ ಕೆಡವೋಕೆ ಅಂತ ಸ್ಪಿನ್ ಪಿಚ್ ಮಾಡಿಸಿದ್ರು. ಅವರು ಆರಾಮಾಗಿ ಸ್ವೀಪ್ ಮಾಡ್ಕೊಂಡು ಹೋದ್ರು" ಎಂದರು ಮಾವ. "ನಮ್ಮವರು ಸ್ವೀಪೂ ಮಾಡಲ್ಲ, ಡಿಫೆನ್ಸೂ ಮಾಡಲ್ಲ. ಬರ್ತಾರೆ, ಕೈ ಮುಗೀತಾರೆ, ಹೋಗ್ತಾರೆ. ಇದೇನು ಆರತಕ್ಷತೆನಾ?"

"ಯಜಮಾನ್ರು ಅದಾರಲ್ರಿ ಇನ್ನೂ."

ಇಲ್ಲಿ ಒಂದು ಮಾತು. ಬಸವರಾಜ ಹೇಳಿದ 'ಯಜಮಾನ್ರು' ನನ್ನ ಮಾವನಲ್ಲ. ನಮ್ಮ ತಂಡದಲ್ಲಿ ವಯಸ್ಸಾದ ಬ್ಯಾಟ್ಸ್‌ಮನ್ ಒಬ್ಬರಿದ್ದರು. ಅವರು ನಿಂತರೆ ಮನೆ ನಿಂತಿತು, ಅವರು ಹೋದರೆ ಮಿಕ್ಕವರು ಚಪ್ಪಲಿ ಹುಡುಕಲು ಶುರು ಮಾಡುತ್ತಿದ್ದರು. ಅದಕ್ಕೇ ಮಾವನೇ ಅವರಿಗೆ ಯಜಮಾನ್ರು ಎಂದು ಹೆಸರಿಟ್ಟಿದ್ದರು. ನಮ್ಮ ಕ್ರಿಕೆಟ್ ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಅದೇ ಹೆಸರು ಬಳಸುತ್ತಿದ್ದರು.

ಆ ಗ್ರೂಪಿನ ಹೆಸರು 'ನಮ್ಮ ಮೈದಾನ'. ಹೆಂಡತಿ ಕಡೆಯ ಬಂಧುಗಳ ಗ್ರೂಪಿನ ಹೆಸರು 'ನಮ್ಮ ಮನೆ'. ಎರಡೂ ಒಂದರ ಕೆಳಗೆ ಒಂದು. ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ ಅನಿಸುತ್ತದೆ.

ಭಾನುವಾರ ಬೆಳಿಗ್ಗೆ ಮಾವ ಸ್ನಾನ ಮಾಡಿ, ವಾಕರ್ ಹಿಡಿದು ನಿಧಾನಕ್ಕೆ ಹಾಲಿಗೆ ಬಂದು, ಟಿವಿ ಮುಂದೆ ಕೂತರು. ಆಟ ನಡೆಯುವಾಗ ನಮ್ಮ ಮನೆಯಲ್ಲಿ ಒಂದು ಕಾನೂನು: ಫೋನುಗಳೆಲ್ಲ ಸೈಲೆಂಟ್ ಆಗಿ ಅಡುಗೆಮನೆಯಲ್ಲಿರಬೇಕು. ನಮ್ಮ ಟಿವಿಗೆ ಆಟ ಬರುವುದು ಇಂಟರ್ನೆಟ್ಟಿನಲ್ಲಿ, ಸ್ವಲ್ಪ ತಡವಾಗಿ. ಬೌಲರ್ ಇನ್ನೂ ಓಡಿ ಬರುತ್ತಿರುವಾಗಲೇ ಫೋನ್ 'ಟಿಂಗ್' ಎಂದು ವಿಕೆಟ್ ಬಿದ್ದದ್ದನ್ನು ಹೇಳಿಬಿಡುತ್ತದೆ. "ಸಾಯೋದು ಖಂಡಿತ ಅಂತ ಗೊತ್ತಿದ್ರೂ ಮುಂಚಿತವಾಗಿ ಹೇಳಬಾರದು ಕಣಯ್ಯ" ಎನ್ನುತ್ತಿದ್ದರು ಮಾವ. ನಾನು ಟಿವಿ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದೆ.

ಊಟದ ವಿರಾಮಕ್ಕೆ ಸ್ವಲ್ಪ ಮುಂಚೆ ಆ ಅನಾಹುತ ಆಯಿತು. ನೇರವಾಗಿ ಬಂದ ಚೆಂಡನ್ನು ಯಜಮಾನ್ರು ಆಡದೆ ಬಿಟ್ಟರು. ಅದು ಹೋಗಿ ಸ್ಟಂಪಿಗೆ ಬಡಿಯಿತು. ಮಾವ ಕಣ್ಣು ಮುಚ್ಚಿಕೊಂಡರು. ನನಗೆ ಈ ದುಃಖವನ್ನು ಹಂಚಿಕೊಳ್ಳದೆ ಇರಲಾಗಲಿಲ್ಲ. ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಶೈಲಾ ಆ ಕಡೆ ತಿರುಗಿ ಒಗ್ಗರಣೆ ಹಾಕುತ್ತಿದ್ದಾಗ ಫೋನ್ ತೆಗೆದು ಗಡಿಬಿಡಿಯಲ್ಲಿ ಬರೆದೆ:

"ಯಜಮಾನ್ರು ಹೋದ್ರು. ಏನೂ ಮಾಡಕ್ಕಾಗ್ಲಿಲ್ಲ. ಇನ್ನು ನಮಗೆ ದೇವರೇ ಗತಿ."

ಕೊನೆಗೆ ಕೈ ಮುಗಿದ ಚಿತ್ರ ಒಂದು ಹಾಕಿದೆ. ಕಳಿಸಿದೆ. ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು, ಒಂದು ಕರ್ತವ್ಯ ಮುಗಿಸಿದ ನೆಮ್ಮದಿಯಿಂದ ಬಂದು ಕೂತೆ.

ಊಟವಾಯಿತು. ಮತ್ತೆ ಆಟ ಶುರುವಾಯಿತು. ಒಬ್ಬರ ಹಿಂದೆ ಒಬ್ಬರು ಬಂದು ಹೋಗುತ್ತಿದ್ದರು. ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ನಾನು ಏಳುವ ಹೊತ್ತಿಗೆ ಬಾಗಿಲ ಹತ್ತಿರವೇ ಕೂತಿದ್ದ ಮಾವ ವಾಕರ್ ಹಿಡಿದು ಎದ್ದು ಬಾಗಿಲು ತೆಗೆದಿದ್ದರು. ಅರೆಕೆರೆಯಿಂದ ಅವರ ತಂಗಿ ಕಮಲತ್ತೆ ಬಂದಿದ್ದರು. ಕಣ್ಣೆಲ್ಲ ಊದಿಕೊಂಡಿತ್ತು. ಅಣ್ಣನನ್ನು ನೋಡಿದ್ದೇ ತಡ, ಗಟ್ಟಿಯಾಗಿ ತಬ್ಬಿಕೊಂಡು ಹೋ ಎಂದು ಅಳತೊಡಗಿದರು.

"ಇನ್ಯಾರಣ್ಣಾ ನಮಗೆ ದಿಕ್ಕು! ಇನ್ಯಾರು!"

ಮಾವ ಗಾಬರಿಯಾದರು. "ಏನಾಯ್ತೇ ಕಮಲಾ? ಯಾರು ಹೋದ್ರು?"

"ನೀನೇ ಅಣ್ಣಾ!"

ಹೇಳಿ ಮುಗಿಸಿದ ಮೇಲೆ ಕಮಲತ್ತೆಗೆ ಏನೋ ಸರಿಯಿಲ್ಲ ಅನಿಸಿತು. ತಲೆ ಎತ್ತಿ ಅಣ್ಣನ ಮುಖ ನೋಡಿದರು. ಕೆನ್ನೆ ಮುಟ್ಟಿದರು. ಆಮೇಲೆ ನನ್ನ ಕಡೆ ತಿರುಗಿದರು. ಆ ನೋಟವನ್ನು ನಾನು ಈಗಲೂ ಮರೆತಿಲ್ಲ.

"ನೀನೇ ಅಲ್ವೇನಪ್ಪಾ ಮೆಸೇಜ್ ಹಾಕಿದ್ದು?"

ಅಡುಗೆಮನೆಗೆ ಓಡಿದೆ. ಶೈಲಾ ನನ್ನ ಹಿಂದೆಯೇ ಓಡಿ ಬಂದಳು. ಫೋನ್ ತೆಗೆದು ನೋಡಿದರೆ 'ನಮ್ಮ ಮನೆ' ತುಂಬಾ ಓಂ ಶಾಂತಿ, ಸದ್ಗತಿ, ದೀಪ, ಹೂವು, ಕೈ ಮುಗಿದವರ ಸಾಲು. ಯಾರೋ ಮಾವನ ಹಳೇ ಫೋಟೋಗೆ ಆಗಲೇ ಹಾರ ಹಾಕಿ ಕಳಿಸಿದ್ದರು. ವೆಂಕಟೇಶನ ಮಿಸ್ಡ್ ಕಾಲುಗಳಿಗೆ ಲೆಕ್ಕವಿಲ್ಲ.

"ರೀ, ಏನ್ರೀ ಇದು?" ಶೈಲಾ ನನ್ನ ತೋಳು ಹಿಡಿದು ಕೇಳಿದಳು.

"ಒಂದ್ನಿಮಿಷ. ಡಿಲೀಟ್ ಮಾಡಿದ್ರೆ ಆಯ್ತು" ಎಂದು ಒತ್ತಿದೆ. ಮೆಸೇಜ್ ಮಾಯವಾಯಿತು. "ನೋಡು! ಇಲ್ಲ!"

ಶೈಲಾ ತನ್ನ ಫೋನ್ ತೆಗೆದು ನನ್ನ ಮುಖಕ್ಕೆ ಹಿಡಿದಳು. ಅಲ್ಲಿ ಹಾಗೇ ಇತ್ತು. ಗಾಬರಿಯಲ್ಲಿ ನಾನು ನನಗೆ ಮಾತ್ರ ಅಳಿಸಿಕೊಂಡಿದ್ದೆ! ಇಡೀ ಬಳಗದಲ್ಲಿ ಮಾವ ಬದುಕಿದ್ದದ್ದು ನನ್ನ ಫೋನಿನಲ್ಲಿ ಮಾತ್ರ.

ತಕ್ಷಣ ಇನ್ನೊಂದು ಮೆಸೇಜ್ ಹಾಕಿದೆ: "ಯಜಮಾನ್ರು ಹೋಗಿಲ್ಲ! ಇದ್ದಾರೆ! ತಪ್ಪಾಗಿ ಹೇಳಿದ್ದು!" ಕೂಡಲೇ ಬಸವರಾಜನ ಉತ್ತರ ಬಂತು: "ಹೌದೇನ್ರಿ ಸರ? ನೋಬಾಲ್ ಕೊಟ್ರೇನ್ರಿ?"

ಈ ಸಲ 'ನಮ್ಮ ಮೈದಾನ'ಕ್ಕೆ ಹಾಕಿದ್ದೆ.

ಶೈಲಾ ಫೋನ್ ಕಿತ್ತುಕೊಂಡಳು. ತಾನೇ ಎಲ್ಲರಿಗೂ ಫೋನ್ ಮಾಡತೊಡಗಿದಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ "ಮೆಲ್ಲಗೆ, ಮೆಲ್ಲಗೆ, ಗೋಡೆ ಕಡೆ ವಾಲ್ಸು" ಎಂಬ ದನಿಗಳು ಕೇಳಿದವು. ಬಂದದ್ದು ಶವ ಇಡುವ ಫ್ರೀಜರ್ ಪೆಟ್ಟಿಗೆ! ಹೊತ್ತು ತಂದ ಇಬ್ಬರು ಬಹಳ ಕೆಲಸಗಾರರು. ಅವರಿಗೆ ಅಳುವ ಮನೆಗಳು ಹೊಸದಲ್ಲ, ಯಾರನ್ನೂ ಏನೂ ಕೇಳಿ ನೋಯಿಸಬಾರದು ಎಂಬ ಸಂಸ್ಕಾರ ಬೇರೆ. ಕಮಲತ್ತೆ ಅಳುತ್ತಿದ್ದದ್ದನ್ನು ನೋಡಿ, ಕೈ ಮುಗಿದು, ಹಾಲಿನ ನಡುವೆ ಪೆಟ್ಟಿಗೆ ಇಳಿಸಿ, ಪ್ಲಗ್ ಹುಡುಕಿ, ಟಿವಿಯ ವೈರು ಕಿತ್ತು ತಮ್ಮದನ್ನು ಚುಚ್ಚಿಬಿಟ್ಟರು. ಟಿವಿ ಆರಿತು. ಪೆಟ್ಟಿಗೆ ಗುಂಯ್ ಎನ್ನತೊಡಗಿತು.

"ಅಯ್ಯೋ, ಎಂಟನೇ ವಿಕೆಟ್ ಕಣಯ್ಯಾ!" ಎಂದು ಮಾವ ಕೂಗಿದರು.

"ಬಾಡಿ ಒಳಗಿದ್ಯಾ ಸಾರ್?" ಎಂದು ಒಬ್ಬ ಮೆಲ್ಲಗೆ ನನ್ನನ್ನು ಕೇಳಿದ.

"ನಾನೇ ಬಾಡಿ" ಎಂದರು ಮಾವ. "ಓವರ್ ಮುಗೀಲಿ, ಆಮೇಲೆ ಮಲಗ್ತೀನಿ. ಮೊದ್ಲು ಆ ವೈರ್ ಹಾಕಪ್ಪಾ."

ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ವೆಂಕಟೇಶಣ್ಣ ಬರ್ತಾರೆ ಸಾರ್, ಅವರ ಹತ್ರಾನೇ ಮಾತಾಡಿ" ಎಂದು ಹೇಳಿ ಇಳಿದುಹೋದರು. ಪೆಟ್ಟಿಗೆ ಮಾತ್ರ ಅಲ್ಲೇ ಇತ್ತು.

ವೆಂಕಟೇಶನೂ ಬಂದ. ಕಮಲತ್ತೆಯ ಮಗ. ಬಂಧುಗಳಲ್ಲಿ ಯಾರೇ ತೀರಿಕೊಂಡರೂ ಮೊದಲು ಅವನಿಗೆ ಹೇಳುತ್ತಾರೆ, ಆಮೇಲೆ ಡಾಕ್ಟರಿಗೆ. ಪಂಚೆ ಉಟ್ಟು, ಕೈಯಲ್ಲಿ ದಪ್ಪ ಹಾರ ಹಿಡಿದು ಬಾಗಿಲಲ್ಲಿ ನಿಂತವನು ಮಾವನನ್ನು ನೋಡಿ ಕಲ್ಲಾಗಿಬಿಟ್ಟ. ಹಾರ ಎಲ್ಲಿ ಇಡಬೇಕೆಂದು ಗೊತ್ತಾಗದೆ ಮಾವನ ಕೈಗೇ ಕೊಟ್ಟ.

ಆಮೇಲೆ ನನ್ನ ಮೇಲೆ ಹಾರಿಬಿದ್ದ. "ಏನಯ್ಯಾ ನೀನು, ಲೆಕ್ಚರರ್ರಾ? ಫೋನ್ ಮಾಡಿದ್ರೆ ಎತ್ತಲ್ಲ! ಶೈಲಾನೂ ಎತ್ತಲ್ಲ! ಆದ್ರೂ ನಾನು ಸುಮ್ನೆ ನಂಬಲಿಲ್ಲ, ಬಸವರಾಜಂಗೆ ಫೋನ್ ಮಾಡಿ ಕೇಳ್ದೆ. ಅವನೇ ಹೇಳಿದ್ದು!"

"ಏನಂತ ಹೇಳಿದ?"

"'ಯಜಮಾನ್ರು ಹೋದ್ರಂತಲ್ಲಪ್ಪಾ, ನಿಜಾನಾ' ಅಂದೆ. 'ಹೌದ್ರಿ, ನಾ ಕಣ್ಣಾರೆ ನೋಡೀನಿ. ಊಟಕ್ಕ ಮುಂಚೆ ಹೋದ್ರು' ಅಂದ. 'ಕೊನೇಲಿ ಏನಾದ್ರೂ ಮಾತಾಡಿದ್ರಾ' ಅಂದೆ. 'ಇಲ್ರಿ, ಮ್ಯಾಲೆ ಒಮ್ಮೆ ನೋಡಿದ್ರು, ತಲಿ ಬಗ್ಗಿಸಿಕೊಂಡು ಹೋಗಿಬಿಟ್ರು' ಅಂದ. ನನಗೆ ಅಳು ಬಂತು ಕಣಯ್ಯಾ!"

ಮಾವನಿಗೆ ನಗು ತಡೆಯಲಾಗಲಿಲ್ಲ. ನಕ್ಕರು, ಕೆಮ್ಮಿದರು, ಕೆಮ್ಮು ನಿಲ್ಲದೆ ಹೋಯಿತು, ಶೈಲಾ ಓಡಿ ಬಂದು ಬೆನ್ನು ನೀವಿದಳು. ನೀಲಿಗಟ್ಟಿದ ತುಟಿಗಳಲ್ಲಿ ಅವರು ಇನ್ನೂ ನಗುತ್ತಲೇ ಇದ್ದರು. ಅದನ್ನು ನೋಡಿ ನಾವ್ಯಾರೂ ನಗಲಿಲ್ಲ.

"ಯಾರ್ಯಾರಿಗೆ ಹೇಳಿದೀಯ?" ಶೈಲಾ ವೆಂಕಟೇಶನನ್ನು ಕೇಳಿದಳು.

"ಗ್ರೂಪಲ್ಲಿ ಇರೋರಿಗೆಲ್ಲ ಗೊತ್ತಾಗಿತ್ತು. ಗ್ರೂಪಲ್ಲಿ ಇಲ್ದೇ ಇರೋರು ಒಬ್ರೇ, ಉತ್ತರಹಳ್ಳಿ ಸೀತಾರಾಮ್ ಮಾವ. ಎಷ್ಟಾದ್ರೂ ತಮ್ಮ ಅಲ್ವಾ, ನಾನೇ ಫೋನ್ ಮಾಡ್ದೆ. ಅವರು ಏನೂ ಮಾತಾಡ್ಲಿಲ್ಲ, ಇಟ್ಬಿಟ್ರು. ಬರಲ್ಲ ಬಿಡು."

ಮಾವನ ನಗು ನಿಂತಿತು. ಮಡಿಲಲ್ಲಿದ್ದ ಹಾರದ ಹೂಗಳನ್ನು ಬೆರಳಿನಿಂದ ಸವರುತ್ತಾ ಕೂತರು.

ಅದೇ ಹೊತ್ತಿಗೆ ಚಿಕ್ಕಮಾವ ಮೆಟ್ಟಿಲು ಹತ್ತಿ ಬಂದರು.

ನಾನು ಆಗ ಏನು ಮಾಡುತ್ತಿದ್ದೆ? ಟಿವಿ ವೈರು ಹುಡುಕಲು ಪೆಟ್ಟಿಗೆಯ ಹಿಂದೆ ಬಗ್ಗಿದ್ದೆ. ಶೈಲಾ ನೀರು ತರಲು ಒಳಗೆ ಹೋಗಿದ್ದಳು, ಕಮಲತ್ತೆ ಮುಖ ತೊಳೆಯಲು ಎದ್ದಿದ್ದರು, ವೆಂಕಟೇಶ ಬಾಲ್ಕನಿಯಲ್ಲಿ ಪುರೋಹಿತರಿಗೆ ಫೋನ್ ಮಾಡಿ ಬರುವುದು ಬೇಡ ಎನ್ನುತ್ತಿದ್ದ. ಬಾಗಿಲು ತೆರೆದೇ ಇತ್ತು. ಒಳಗೆ ಬಂದವರ ಕಣ್ಣಿಗೆ ಕಂಡದ್ದು ಹಾಲಿನ ನಡುವಿನ ಆ ಪೆಟ್ಟಿಗೆ ಒಂದೇ. ಮಿಕ್ಕಿದ್ದೇನನ್ನೂ ಅವರು ನೋಡಲಿಲ್ಲ. ನೆಲಕ್ಕೆ ಕುಸಿದು, ಗಾಜಿನ ಮುಚ್ಚಳದ ಮೇಲೆ ತಲೆ ಇಟ್ಟು ಅತ್ತರು.

"ಅಣ್ಣಾ... ಅಮ್ಮ ನಿನ್ನ ಹೆಸರು ಎತ್ತಲಿಲ್ಲ ಅಂದಿದ್ದು ಸುಳ್ಳು ಅಣ್ಣಾ. ಎತ್ತಿದ್ಲು. ನಿನ್ನನ್ನ ಕರ್ಕೊಂಡು ಬರ್ತೀನಿ ಅಂತ ಎದ್ದೆ. 'ಬೇಡ ಬಿಡೋ, ಅನಂತಂಗೆ ಅಪರೂಪಕ್ಕೆ ರಜಾ ಸಿಕ್ಕಿದೆ, ಆಟ ನೋಡ್ಕೊಂಡು ಬರಲಿ' ಅಂದ್ಲು. ಅದೇ ಕೊನೇ ಮಾತು. ನನ್ನ ಬಗ್ಗೆ ಒಂದು ಮಾತೂ ಆಡ್ಲಿಲ್ಲ ಕಣೋ. ಪಕ್ಕದಲ್ಲೇ ಕೂತಿದ್ನಲ್ಲ ನಾನು... ಹೊಟ್ಟೆಕಿಚ್ಚಿಗೆ ನಿಂಗೆ ಹಾಗಂದೆ."

ಪೆಟ್ಟಿಗೆಯ ಹಿಂದೆ ನಾನು ಬಗ್ಗಿದವನು ಬಗ್ಗಿದಂತೆಯೇ ಇದ್ದೆ. ಏಳಲೋ, ಅಲ್ಲೇ ಇರಲೋ? ಜೀವನದಲ್ಲಿ ಒಂದು ಸಲ ಸುಮ್ಮನಿರಬೇಕು ಎಂದು ತೀರ್ಮಾನಿಸಿದೆ. ಆಗ ನನಗೆ ಸೀನು ಬಂತು!

ಚಿಕ್ಕಮಾವ ತಲೆ ಎತ್ತಿದರು. ಮೊದಲು ನಾನು ಕಂಡೆ. ಆಮೇಲೆ ಖಾಲಿ ಪೆಟ್ಟಿಗೆ ಕಂಡಿತು. ಕೊನೆಗೆ, ಬಾಗಿಲ ಪಕ್ಕದ ಮೂಲೆಯ ಕುರ್ಚಿಯಲ್ಲಿ ಹಾರ ಹಿಡಿದು ಕೂತು, ಕಣ್ಣೀರು ಒರೆಸಿಕೊಳ್ಳುತ್ತಿದ್ದ ಅಣ್ಣ ಕಂಡರು.

"ಮೋಸ" ಎಂದರು ಚಿಕ್ಕಮಾವ. ಮುಖ ಕೆಂಪಾಗಿತ್ತು. "ಎಲ್ಲಾ ಸೇರ್ಕೊಂಡು ನಾಟಕ ಮಾಡಿ ಕರೆಸಿದೀರ!" ಎಂದು ಎದ್ದು, ತಡವರಿಸುತ್ತಾ ಮೆಟ್ಟಿಲಿಳಿದರು.

ನಾನು ಹಿಂದೆಯೇ ಓಡಿದೆ. ಗೇಟಿನ ಹತ್ತಿರ ಸಿಕ್ಕರು. "ಚಿಕ್ಕಮಾವ, ನಾಟಕ ಅಲ್ಲ. ತಪ್ಪೆಲ್ಲ ನಂದು. ಕ್ರಿಕೆಟ್ ಮೆಸೇಜ್ ಅದು..."

"ಕ್ರಿಕೆಟ್!" ಎಂದು ಅವರು ನನ್ನನ್ನು ನೋಡಿದ ರೀತಿಗೆ ಆ ಪದವನ್ನು ಬಳಸಬಾರದಿತ್ತು ಎಂದು ತಿಳಿಯಿತು. "ಉತ್ತರಹಳ್ಳಿಯಿಂದ ಇಲ್ಲೀವರೆಗೂ ಆಟೋದಲ್ಲಿ ಅತ್ಕೊಂಡು ಬಂದೆ ಕಣಯ್ಯಾ. ನನ್ನ ಅಳು ನೋಡಿ ಆ ಆಟೋದವನು ದಾರಿಯುದ್ದಕ್ಕೂ ಒಂದು ಹಾರ್ನ್ ಹೊಡೀಲಿಲ್ಲ. ಬನಶಂಕರಿ ಟ್ರಾಫಿಕ್ಕಲ್ಲೂ! ಸತ್ತೋನ ಮುಂದೆ ಹೇಳ್ಕೊಳ್ಳೋಣ ಅಂತ ಬಂದೆ. ಬದುಕಿರೋನ ಮುಂದೆ ಹೇಳೋ ಮಾತಾ ಅದು? ಇನ್ನು ಅವನಿಗೆ ಹೇಗೆ ಮುಖ ತೋರಿಸ್ಲಿ?"

ಆಟೋ ಹುಡುಕಿಕೊಂಡು ರಸ್ತೆಗಿಳಿದರು. ಈಗ ಹೋದರೆ ಇವರು ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಾಯಿತು. ಹೇಗಾದರೂ ತಡೆಯಬೇಕು. ತೋಚಿದ್ದನ್ನು ಹೇಳಿದೆ. ಗಾಬರಿಯಲ್ಲಿ ಸ್ವಲ್ಪ ಜೋರಾಗಿಯೇ ಹೇಳಿದೆ.

"ಹೋಗ್ಬೇಡಿ ಚಿಕ್ಕಮಾವ! ಅವರಿಗೆ ಇನ್ನು ಹೆಚ್ಚು ದಿನ ಇಲ್ಲ. ಡಾಕ್ಟರು ಕೈ ಚೆಲ್ಲಿದಾರೆ. ಕೆಲವು ತಿಂಗಳು ಅಷ್ಟೇ ಅಂದಿದಾರೆ. ಅವರಿಗೆ ಇನ್ನೂ ಹೇಳಿಲ್ಲ."

ಚಿಕ್ಕಮಾವ ನಿಂತರು. ಆದರೆ ಅವರು ನೋಡುತ್ತಿದ್ದದ್ದು ನನ್ನನ್ನಲ್ಲ, ನನ್ನ ತಲೆಯ ಮೇಲಕ್ಕೆ. ತಿರುಗಿ ನೋಡಿದೆ. ಮೊದಲ ಮಹಡಿಯ ಬಾಲ್ಕನಿಯಲ್ಲಿ ವಾಕರ್ ಹಿಡಿದು ಮಾವ ನಿಂತಿದ್ದರು. ತಮ್ಮ ಹೋಗುವುದನ್ನು ನೋಡಲು ಬಂದಿದ್ದಿರಬೇಕು. ಪಕ್ಕದಲ್ಲಿ ಶೈಲಾ. ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

ಬೆಳಗಿನಿಂದ ನಾನು ಮಾಡಿದ್ದೆಲ್ಲ ಸುಳ್ಳು ಸುದ್ದಿ ಹರಡಿದ್ದು. ಇದೊಂದು ಮಾತ್ರ ನಿಜ. ಅದನ್ನು ಮಾತ್ರ ಸರಿಯಾದ ವಿಳಾಸಕ್ಕೇ ಮುಟ್ಟಿಸಿದ್ದೆ.

"ಪ್ರಸಾದೂ" ಎಂದು ಮಾವ ಮೇಲಿಂದ ಕರೆದರು. ದನಿ ಶಾಂತವಾಗಿತ್ತು. "ಮುಂದಿನ ಟೆಸ್ಟ್ ಸಿಗುತ್ತಾ?"

"ಸಿಗುತ್ತೆ ಮಾವ" ಎಂದೆ.

"ಡಾಕ್ಟರು ಅಂದ್ರಾ, ನೀನು ಅಂತಿದೀಯಾ?"

"...ನಾನು."

"ಹಾಗಾದ್ರೆ ಅನುಮಾನವೇ" ಎಂದರು. ಆಮೇಲೆ ತಮ್ಮನ ಕಡೆ ತಿರುಗಿ, "ಸೀತೂ, ಬಿಸಿಲಲ್ಲಿ ನಿಂತ್ಕೋಬೇಡ" ಎಂದು ಒಳಗೆ ಹೋದರು.

ಚಿಕ್ಕಮಾವ ಗೇಟು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು. ಖಾಲಿ ಆಟೋ ಒಂದು ಪಕ್ಕಕ್ಕೇ ಬಂದು ನಿಧಾನ ಮಾಡಿತು. ಅವರು ಅದನ್ನು ನೋಡಲಿಲ್ಲ. ಚಪ್ಪಲಿಯನ್ನು ಮೆಟ್ಟಿಲ ಬುಡದಲ್ಲೇ ಬಿಟ್ಟು ಮೇಲೆ ಹತ್ತಿದರು. ನಾನು ಹಿಂದೆ ಹಿಂದೆ ಹೋದೆ, ಇನ್ನೇನೂ ಮಾತಾಡುವುದಿಲ್ಲ ಎಂದು ಕೈಯನ್ನು ಬಾಯಿಯ ಮೇಲೆ ಇಟ್ಟುಕೊಂಡೇ.

"ಬಂದ್ಯಾ" ಎಂದರು ಮಾವ.

"ಸತ್ತೋನ್ನ ನೋಡೋಕೆ ಬಂದಿದ್ದೆ."

"ಸ್ವಲ್ಪ ಮುಂಚೆ ಬಂದಿದೀಯ. ಕೂತ್ಕೋ."

ಚಿಕ್ಕಮಾವ ಕೂತರು. ವೆಂಕಟೇಶ ಪೆಟ್ಟಿಗೆಯ ವೈರು ಕಿತ್ತು ಟಿವಿಯದನ್ನು ಚುಚ್ಚಿದ. ಪರದೆ ಹತ್ತಿಕೊಂಡಿತು. ಆಟಗಾರರು ಆಗಲೇ ಕೈ ಕುಲುಕುತ್ತಿದ್ದರು. ಮುಗಿದುಹೋಗಿತ್ತು. ಎರಡನೇ ಟೆಸ್ಟೂ ಹೋಯಿತು, ಸರಣಿಯೂ ಹೋಯಿತು, ಇನ್ನೂ ಎರಡು ದಿನ ಬಾಕಿ ಇರುವಾಗಲೇ.

"ಯಾಕೋ ಇವರಿಗೆ ಸ್ಪಿನ್ ಆಡೋಕೇ ಬರಲ್ಲ?" ಎಂದು ಚಿಕ್ಕಮಾವ ಕೇಳಿದರು. ಅಷ್ಟು ವರ್ಷ ಆಟ ನೋಡದೆ ಇದ್ದ ಮನುಷ್ಯ!

"ಕಾಲು ಆಡಿಸಲ್ಲ" ಎಂದರು ಮಾವ. "ನೀನು ಯಾವಾಗ ನೋಡೋದು ಬಿಟ್ಟೆಯೋ ಅವತ್ತಿಂದ ಕಾಲು ಆಡಿಸೋದು ಬಿಟ್ಟಿದಾರೆ."

ಕಮಲತ್ತೆ ಮತ್ತೆ ಅಳಲು ಶುರು ಮಾಡಿದರು. ಈ ಸಲ ಯಾರೂ ಯಾಕೆ ಎಂದು ಕೇಳಲಿಲ್ಲ.

ಆ ರಾತ್ರಿಯಿಂದ ಶೈಲಾ ನನ್ನ ಜೊತೆ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ. ಅಪ್ಪನಿಂದ ಅಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದನ್ನು ನಡುಬೀದಿಯಲ್ಲಿ ಕೂಗಿ ಹೇಳಿದವನ ಜೊತೆ ಏನು ಮಾತಾಡುವುದು? ಮಾವ ಮಾತ್ರ ಒಂದು ಸಲ, ನಾನು ಮಾತ್ರೆ ಕೊಡುವಾಗ, "ಗೊತ್ತಿತ್ತು ಕಣಯ್ಯಾ. ನೀವಿಬ್ರೂ ಬೆಳಿಗ್ಗೆ ಎದ್ದ ತಕ್ಷಣ ನನ್ನ ಎದೆ ಏರಿಳೀತಿದ್ಯಾ ಅಂತ ಬಾಗಿಲಿಂದ ನೋಡ್ತಿದ್ರಲ್ಲ" ಎಂದರು. ಅದನ್ನು ಶೈಲಾಳಿಗೆ ಹೇಳಿದೆ. ಅವಳು ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತಳು. ಅದೂ ನನ್ನದೇ ತಪ್ಪು ಎಂದಾಯಿತು.

ಮೂರನೇ ಟೆಸ್ಟಿಗೆ ಚಿಕ್ಕಮಾವ ದಿನಾ ಉತ್ತರಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅಣ್ಣನಿಗೆ ಕೂರಲಾಗುತ್ತಿರಲಿಲ್ಲ. ಮಂಚವನ್ನೇ ಹಾಲಿಗೆ ತಂದಿದ್ದೆವು. ತಮ್ಮ ಪಕ್ಕದಲ್ಲಿ ಕೂತು, ಅಣ್ಣ ಕಣ್ಣು ಮುಚ್ಚಿದಾಗಲೆಲ್ಲ ಆಟ ಹೇಳುತ್ತಿದ್ದರು. ಬಸವರಾಜನೂ ಬರುತ್ತಿದ್ದ, ಆದರೆ ವೆಂಕಟೇಶ ಯಾವಾಗ ಫೋನ್ ಮಾಡಿದರೂ "ನಾ ಏನೂ ನೋಡಿಲ್ರಿ" ಎನ್ನುತ್ತಿದ್ದ. ಆ ಟೆಸ್ಟನ್ನೂ ನಾವು ಸೋತೆವು. ಮನೆಯಂಗಳದಲ್ಲಿ ಒಂದೂ ಗೆಲ್ಲಲಿಲ್ಲ. ಸರಣಿ ಮುಗಿದ ಮೇಲೆ ಮಾವ ಹೆಚ್ಚು ದಿನ ಇರಲಿಲ್ಲ. ಒಂದು ಬೆಳಗಿನ ಜಾವ, ತಮ್ಮ ಪಕ್ಕದ ಚಾಪೆಯಲ್ಲಿ ಮಲಗಿದ್ದಾಗ, ಹೋದರು. ಸುದ್ದಿ ತಿಳಿಸುವ ಕೆಲಸವನ್ನು ಯಾರೂ ನನಗೆ ಕೊಡಲಿಲ್ಲ.

ವೈಕುಂಠ ಸಮಾರಾಧನೆಯ ದಿನ ಬಂಧುಗಳೆಲ್ಲ ಸೇರಿದ್ದರು. ಪಂಕ್ತಿಯಲ್ಲಿ ಎಲೆ ಹಾಕಿದ ಮೇಲೆ ಚಿಕ್ಕಮಾವ ಎದ್ದು ನಿಂತು ನಾಲ್ಕು ಮಾತಾಡಿದರು. "ಅಣ್ಣನ ಜೊತೆ ನನಗೆ ಕೊನೇ ದಿನಗಳು ಸಿಕ್ಕಿದ್ದು ದೇವರ ದಯೆ. ಅದಕ್ಕೆ ಒಬ್ಬರನ್ನ ಇವತ್ತು ನೆನೀಲೇಬೇಕು" ಎಂದರು. ಎಷ್ಟೇ ಅನಾಹುತವಾಗಿದ್ದರೂ ಇಬ್ಬರು ಅಣ್ಣತಮ್ಮಂದಿರನ್ನು ಕೂಡಿಸಿದ್ದು ನನ್ನ ಆ ಒಂದು ಮೆಸೇಜು ತಾನೇ? ಶಾಲು ಸರಿಮಾಡಿಕೊಂಡೆ. ವಿನಯದಿಂದ ತಲೆ ಸ್ವಲ್ಪ ಬಗ್ಗಿಸಿದೆ.

"ಅವತ್ತು ನನಗೆ ಫೋನ್ ಮಾಡಿ ಕರೆಸಿದ ನಮ್ಮ ವೆಂಕಟೇಶ!" ಎಂದರು ಚಿಕ್ಕಮಾವ.

ಎಲ್ಲರೂ ವೆಂಕಟೇಶನ ಕಡೆ ನೋಡಿದರು. ಅವನು ಕಣ್ಣೊರೆಸಿಕೊಂಡ. ನಾನು ಶೈಲಾಳ ಹತ್ತಿರ ಹೋಗಿ ಮೆಲ್ಲಗೆ, "ಅಲ್ಲ ಕಣೇ, ನೀನಾದ್ರೂ ಒಪ್ಕೋ. ಮೆಸೇಜ್ ಹಾಕಿದ್ದು ಯಾರು?" ಎಂದೆ.

ಶೈಲಾ ನನ್ನನ್ನು ಒಂದು ಕ್ಷಣ ನೋಡಿದಳು. ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ನಗುವಿನಂಥದ್ದು ಏನೋ ಮೂಡಿದಂತಾಯಿತು.

"ಪಂಕ್ತಿಗೆ ನೀರೇ ಬಂದಿಲ್ಲ. ಆ ಜಗ್ ತಗೊಳ್ಳಿ" ಎಂದಳು.

ಬಡಿಸುವವರಲ್ಲಿ ಯಾವುದಕ್ಕೂ ಆಗದವನ ಕೈಗೆ ಕೊಡುವುದು ನೀರು. ಉಪ್ಪು ಕೂಡ ವೆಂಕಟೇಶನ ಹತ್ತಿರವೇ ಇತ್ತು. ಜಗ್ ತಗೊಂಡೆ. ಇದರಲ್ಲಾದರೂ ಎಡವಟ್ಟು ಆಗದಿರಲಿ ಎಂದುಕೊಂಡು, ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದು, ಮೊದಲ ಎಲೆಯ ಮುಂದೆ ಬಗ್ಗಿದೆ.

ಚಿಕ್ಕಮಾವನ ಪಂಚೆ ಪೂರ್ತಿ ನೆನೆಯಿತು.